ಮೋಡ ನೋಡಿ ಅಡಿಕೆ ಹರಡೋದೂ ಒಂದು ಆಟವೇ

ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿದ್ದುಕೊಂಡು ಹವ್ಯಾಸಕ್ಕೆ ಸಣ್ಣ ಸಣ್ಣ ಕಂಪ್ಯೂಟರ್ ಗೇಮ್ ಮಾಡುವ ನಮ್ಮ ಅಂಕಣಗಾರ್ತಿ ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಅಕ್ಕ, ನಾನು ಪಿಯುಸಿ ಓದ್ತಿದೀನಿ. ಚೌಕಾಬಾರ ಗೇಮ್ ಮಾಡಿದೀನಿ, ಫೋನಲ್ಲಿ ಚೆನ್ನಾಗಿ ಓಡುತ್ತೆ. ಆದ್ರೆ ನಮ್ಮಜ್ಜಿ ಎರಡು ಸಲ ಆಡಿ "ಇದು ಚೌಕಾಬಾರ ಅಲ್ಲ ಮಗ" ಅಂತ ಫೋನ್ ವಾಪಸ್ ಕೊಟ್ಬಿಟ್ರು. ಕವಡೆ ಬದಲು 1ರಿಂದ 8ರ ತನಕ ಒಂದು ರ‍್ಯಾಂಡಮ್ ನಂಬರ್ ಬರೋ ಹಾಗೆ ಮಾಡಿದೀನಿ, ಅದೊಂದೇ ವ್ಯತ್ಯಾಸ. ಎಂತ ತಪ್ಪಾಯ್ತು?
– ಸೊರಬದ ಓದುಗ

ಉತ್ತರ: ಅಜ್ಜಿ ಹೇಳಿದ್ದೇ ಸರಿ ತಮ್ಮಾ, ಆ ಒಂದು ವ್ಯತ್ಯಾಸದಲ್ಲೇ ಇಡೀ ಆಟ ಹೋಗಿದೆ. ಮೊದಲನೇದು ಚೌಕಾಬಾರದಲ್ಲಿ ಐದು ಆರು ಏಳು ಅನ್ನೋ ಗರವೇ ಇಲ್ಲ. ನಾಲ್ಕು ಕವಡೆ, ಒಂದೊಂದಕ್ಕೂ ಎರಡು ಮುಖ, ಒಟ್ಟು 16 ತರ ಬೀಳಬಹುದು. ಎರಡೂ ಕಡೆ ಸಮ ಬೀಳುತ್ತೆ ಅಂತ ಇಟ್ಕೊಂಡ್ರೆ 16ರಲ್ಲಿ 6 ಸಲ ಎರಡು ಬೀಳುತ್ತೆ, 4 ಸಲ ಒಂದು, 4 ಸಲ ಮೂರು, ನಾಲ್ಕೂ ಅಂಗಾತ ಬಿದ್ದು ಚೌಕ (ನಾಲ್ಕು) ಆಗೋದು ಒಂದೇ ಸಲ, ನಾಲ್ಕೂ ಮಕಾಡೆ ಬಿದ್ದು ಬಾರ (ಎಂಟು) ಆಗೋದು ಒಂದೇ ಸಲ. ನಿನ್ನ ಗೇಮಲ್ಲಿ ಬಾರ 8ರಲ್ಲಿ ಒಂದು ಸಲ ಬೀಳ್ತಿದೆ, ಅಂದ್ರೆ ಎರಡು ಪಟ್ಟು ಹೆಚ್ಚು, ಹಂಗೆ ಬಿದ್ರೆ ಅದು ಬಿದ್ದಾಗ ಮನೆಯವರೆಲ್ಲ ಹೋ ಅಂತ ಕೂಗೋದು ಯಾಕೆ ಹೇಳು.

ಇನ್ನೊಂದು ವಿಷಯ ಇದೆ, ಇದೇ ದೊಡ್ಡದು. ನಿಮ್ಮಜ್ಜಿಗೆ ಈ ಲೆಕ್ಕ ಬಾಯಲ್ಲಿ ಹೇಳೋಕೆ ಬರದೇ ಇರಬಹುದು, ಆದ್ರೆ ಕೈಗೆ ಗೊತ್ತಿರುತ್ತೆ. ಎದುರಾಳಿ ಕಾಯಿಗಿಂತ ಎರಡು ಮನೆ ಮುಂದೆ ಕಟ್ಟೆ (ಹೊಡೆಯೋಕಾಗದ ಮನೆ) ಇಲ್ಲದ ಜಾಗದಲ್ಲಿ ನಿಂತ್ರೆ ಹೊಡೆಸ್ಕೊಳ್ಳೋ ಸಾಧ್ಯತೆ ಜಾಸ್ತಿ, ನಾಲ್ಕು ಮನೆ ಮುಂದೆ ನಿಂತ್ರೆ ಕಮ್ಮಿ, ಅದಕ್ಕೇ ಅವರು ಯಾವ ಕಾಯಿ ನಡೆಸೋದು ಅಂತ ಅಷ್ಟು ಹೊತ್ತು ನೋಡ್ತಾ ಕೂರೋದು. ನಿನ್ನ ಗೇಮಲ್ಲಿ ಎಲ್ಲ ನಂಬರೂ ಒಂದೇ ಸಮ ಬೀಳೋದ್ರಿಂದ ಎಲ್ಲಿ ನಿಂತ್ರೂ ಒಂದೇ, ಅಂದಾಜು ಮಾಡೋಕೆ ಏನೂ ಉಳಿದಿಲ್ಲ. ಅದೃಷ್ಟ ಇದ್ರೆ ಆಟ ಕೆಡುತ್ತೆ ಅಂತ ತುಂಬ ಜನ ಹೇಳ್ತಾರೆ, ನಾನು ಒಪ್ಪಲ್ಲ, ಅಂದಾಜಿಗೆ ಸಿಗದ ಅದೃಷ್ಟ ಕೆಡಿಸುತ್ತೆ ಅಷ್ಟೇ.

ಸರಿ ಮಾಡೋದು ಸುಲಭ. ನಾಲ್ಕು ಸಲ ಬೇರೆ ಬೇರೆಯಾಗಿ 0 ಅಥವಾ 1 ತೆಗಿ, ಕೂಡು, ಮೊತ್ತ ಸೊನ್ನೆ ಬಂದ್ರೆ ಅದನ್ನ 8 ಅಂತ ತಗೋ. ಚೌಕ, ಬಾರ ಬಿದ್ರೆ ಇನ್ನೊಂದು ಗರ ಕೊಡು. ಮತ್ತೆ ಅಜ್ಜಿ ಹತ್ರ ಕೂತು ನಿಮ್ಮನೆ ನಿಯಮ ಎಂತದು ಅಂತ ಕೇಳಿ ಬರ್ಕೋ, ಯಾಕಂದ್ರೆ ಕೆಲವು ಮನೇಲಿ ಒಂದಾದ್ರೂ ಕಾಯಿ ಹೊಡೀದೇ ಒಳಗಿನ ಸುತ್ತಿಗೆ ಹೋಗೋಕೆ ಬಿಡಲ್ಲ, ಕೆಲವು ಮನೇಲಿ ಬಿಡ್ತಾರೆ, ಎರಡೂ ಬೇರೆ ಬೇರೆ ಆಟನೇ ಆಗುತ್ತೆ.

ಪ್ರಶ್ನೆ: ಕೆಳದಿ ಚೆನ್ನಮ್ಮನ ಕಾಲದ ಒಂದು ದೊಡ್ಡ ಗೇಮ್ ಮಾಡ್ಬೇಕು ಅಂತ ಎರಡು ವರ್ಷದಿಂದ ಕಥೆ ಬರೀತಿದೀನಿ ಮೇಡಂ, ನೂರು ಪುಟ ದಾಟಿದೆ, ನಲವತ್ತು ಪಾತ್ರ ಇದೆ, ಕೋಟೆ ಕುದುರೆ ಎಲ್ಲದರ ವಿವರ ಇದೆ. ಕಂಪ್ಯೂಟರ್ ಮುಂದೆ ಕೂತ್ರೆ ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ.
– ಸಾಗರದ ಓದುಗರು

ಉತ್ತರ: ನಿಮ್ಮ ಪ್ರಶ್ನೆ ಓದಿ ನಂಗೆ ನನ್ನದೇ ಒಂದು ಗೇಮ್ ನೆನಪಾಯ್ತು, ಅದನ್ನೇ ಹೇಳ್ತೀನಿ.

ಅಡಿಕೆ ಸುಗ್ಗಿ ಬಗ್ಗೆ ಗೇಮ್ ಮಾಡ್ಬೇಕು ಅಂತ ಹೊರಟಾಗ ನಾನೂ ಎಲ್ಲ ಹಾಕಿದ್ದೆ. ಕೊನೆ ತೆಗೆಸೋದು, ಹೊತ್ತು ತರೋದು, ಸುಲಿಯೋದು, ಬೇಯಿಸೋದು, ಚೊಗರು ಹಾಕೋದು, ಹರಡೋದು, ಆರಿಸೋದು, ಮಂಡಿಗೆ ಕಳಿಸೋದು, ಒಂದೂ ಬಿಟ್ಟಿರಲಿಲ್ಲ. ಆರು ತಿಂಗಳು ರಾತ್ರಿ ಕೂತು ಮಾಡಿದ್ದು. ನಮ್ಮತ್ತಿಗೆ ಹತ್ತು ನಿಮಿಷ ಆಡಿ "ಬೆಳಗ್ಗಿಂದ ಇದೇ ಕೆಲಸ ಮಾಡಿದೀನಲ್ಲೇ, ಇದ್ರಲ್ಲಿ ನಾನು ಯೋಚನೆ ಮಾಡೋದು ಎಂತ ಇದೆ?" ಅಂದ್ರು. ಆ ಮಾತು ನಂಗೆ ಮಾಡಿದ ಉಪಕಾರ ಯಾವ ಪುಸ್ತಕನೂ ಮಾಡಿಲ್ಲ. ಸುಗ್ಗೀಲಿ ಮನಸ್ಸು ನಿಜವಾಗ್ಲೂ ತೂಗಾಡೋದು ಯಾವಾಗ ಅಂತ ಹುಡುಕಿದೆ. ಬೆಳಗ್ಗೆ ಜಗಲೀಲಿ ನಿಂತು ಆಕಾಶ ನೋಡೋ ಹೊತ್ತು ಅದು. ಬೇಯಿಸಿದ ಅಡಿಕೆ ಹರಡದೇ ಇಟ್ರೆ ಬೂಷ್ಟು ಹಿಡಿಯುತ್ತೆ, ಹರಡಿದ ಮೇಲೆ ಮಳೆ ಬಂದ್ರೆ ನೆನೆಯುತ್ತೆ, ಹರಡಿದ್ರೂ ಹೆದರಿಕೆ ಬಿಟ್ರೂ ಹೆದರಿಕೆ. ಅಷ್ಟನ್ನೇ ಇಟ್ಕೊಂಡು ಉಳಿದಿದ್ದೆಲ್ಲ ತೆಗೆದುಹಾಕಿದೆ. ಇಪ್ಪತ್ತು ದಿನದ ಗೇಮ್, ದಿನಕ್ಕೆ ಒಂದೇ ತೀರ್ಮಾನ, ಇವತ್ತು ಎಷ್ಟು ಹರಡೋದು.

ಕಂಪ್ಯೂಟರ್ ಮುಟ್ಟದೆ ಹಳೇ ಕ್ಯಾಲೆಂಡರ್ ಹಿಂದುಗಡೆ ಅಂಗಳ ಬರೆದು, ಅಲಸಂದೆ ಕಾಳನ್ನ ಅಡಿಕೆ ಮಾಡ್ಕೊಂಡು, ಚೊಂಬಲ್ಲಿ ಬಿಸಿಲು ಮಳೆ ಚೀಟಿ ಹಾಕಿ ಆಡಿಸಿ ನೋಡಿದೆ. ಆಗ ಇನ್ನೊಂದು ತಪ್ಪು ಸಿಕ್ತು. ಚೀಟಿ ಎತ್ತಿದಾಗ ಮಳೆ ಬಂದ್ರೆ ಆಡೋರಿಗೆ ಮೋಸ ಹೋದ ಹಾಗೆ ಅನ್ಸೋದು, ಸೋತಿದ್ದಕ್ಕೆ ತಮ್ಮದೇನೂ ಪಾಲಿಲ್ಲ ಅಂತ. ಅದಕ್ಕೆ ಹಿಂದಿನ ದಿನವೇ ಗುರುತು ತೋರಿಸೋಕೆ ಶುರು ಮಾಡಿದೆ, ಎದುರು ಗುಡ್ಡ ಮಂಜಲ್ಲಿ ಮುಚ್ಚಿಹೋಗೋದು, ಇರುವೆ ಮೊಟ್ಟೆ ಕಚ್ಕೊಂಡು ಗೋಡೆ ಹತ್ತೋದು, ಸಂಜೆ ಕಪ್ಪೆ ಕೂಗೋದು ಹೀಗೆ. ಗುರುತು ನಾಲ್ಕರಲ್ಲಿ ಮೂರು ಸಲ ಮಾತ್ರ ನಿಜ ಆಗೋ ಹಾಗೆ ಇಟ್ಟೆ. ಅವತ್ತು ನೋಡ್ಬೇಕಿತ್ತು ನೀವು, ನಮ್ಮತ್ತಿಗೆ, ಪಕ್ಕದ ಮನೆ ಹುಡುಗರು, ಎಲ್ಲ ಸೇರಿ "ಕಪ್ಪೆ ಕೂಗಿದೆ ಹರಡ್ಬೇಡ", "ಗುಡ್ಡ ಕಾಣ್ತಿದೆಯಲ್ಲ ಹರಡು" ಅಂತ ಜಗಳಕ್ಕೇ ನಿಂತ್ರು. ಚಿತ್ರ ಇಲ್ಲ ಶಬ್ದ ಇಲ್ಲ, ಬರೀ ಅಲಸಂದೆ ಕಾಳು.

ನಿಮ್ಮ ನೂರು ಪುಟದಲ್ಲೂ ಅಂಥ ಒಂದು ಬೆಳಗ್ಗೆ ಇದ್ದೇ ಇರುತ್ತೆ. ಶಿವಾಜಿ ಮಗ ರಾಜಾರಾಮ 1689ರಲ್ಲಿ ತಮಿಳುನಾಡಿನ ಜಿಂಜಿ ಕೋಟೆಗೆ ತಪ್ಪಿಸ್ಕೊಂಡು ಹೋಗುವಾಗ ಚೆನ್ನಮ್ಮ ಆಶ್ರಯ ಕೊಟ್ಟಿದ್ದು, ಅದಕ್ಕೆ ಔರಂಗಜೇಬನ ಸೈನ್ಯ ಮೇಲೆ ಬಿದ್ದಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಬಾಗಿಲಿಗೆ ಬಂದೋನನ್ನ ಒಳಗೆ ಕರೀಬೇಕಾ, ಎಷ್ಟು ದಿನ ಇಟ್ಕೋಬೇಕು, ಯಾವ ಘಟ್ಟದ ದಾರಿಗೆ ಎಷ್ಟು ಜನ ಕಾವಲು ಕಳಿಸ್ಬೇಕು, ಇಷ್ಟೇ ಸಾಕು ಒಂದು ಪೂರ್ತಿ ಗೇಮಿಗೆ. ನಲವತ್ತು ಪಾತ್ರ ಬೇಡ, ನಾಲ್ಕು ಇಟ್ಕೊಂಡು ಈ ವಾರವೇ ಕಾಗದದ ಮೇಲೆ ಆಡಿ. ಬರೆದಿದ್ದು ಹಾಳಾಗಲ್ಲ, ಆ ನಾಲ್ಕು ಜನ ಹೇಗೆ ಮಾತಾಡ್ತಾರೆ ಅನ್ನೋದು ಅಲ್ಲಿಂದಲೇ ಬರುತ್ತೆ.

ಪ್ರಶ್ನೆ: ಹಳೇ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ಯಾವ ಎಂಜಿನ್ (ಗೇಮ್ ಕಟ್ಟೋ ಸಾಫ್ಟ್‌ವೇರ್) ಕಲಿಯೋದು? ಗೇಮ್ ಕನ್ನಡದಲ್ಲೇ ಇರಬೇಕು ಅಂತ ಆಸೆ.
– ಶಿವಮೊಗ್ಗದ ಓದುಗ

ಉತ್ತರ: ಗೋಡೋ (Godot) ಕಲೀರಿ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದ್ರೂ ಬಳಸೋಕೆ ಬಿಡೋ ಎಂಐಟಿ ಲೈಸೆನ್ಸ್, ನೀವು ಮಾಡಿದ ಗೇಮ್ ಪೂರ್ತಿ ನಿಮ್ಮದೇ, ಡೌನ್‌ಲೋಡ್ ಕೂಡ ಚಿಕ್ಕದು. 2023ರಲ್ಲಿ ಬಂದ 4ನೇ ಆವೃತ್ತಿ ಅಥವಾ ಅದರ ನಂತರದ್ದನ್ನೇ ತಗೊಳ್ಳಿ, ಅದಕ್ಕಿಂತ ಹಿಂದಿನದ್ರಲ್ಲಿ ನಮ್ಮ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಕಾಣ್ತಿದ್ವು, ಈಗ ಕನ್ನಡ ಫಾಂಟ್ ಹಾಕಿದ್ರೆ ಸರಿಯಾಗಿ ಕೂರುತ್ತೆ. ಹೊಸ ಪ್ರಾಜೆಕ್ಟ್ ತೆಗೆಯುವಾಗ ಕಂಪ್ಯಾಟಿಬಿಲಿಟಿ ಅಂತ ಒಂದು ಆಯ್ಕೆ ಕೇಳುತ್ತೆ, ಹಳೇ ಲ್ಯಾಪ್‌ಟಾಪಿಗೆ ಅದೇ ಆಗಬೇಕು.

ಪ್ರಶ್ನೆ: ನಂಗೆ ಚಿತ್ರ ಬರಿಯೋಕೆ ಬರಲ್ಲ ಅಕ್ಕ. ಬೇರೆಯವರು ಮಾಡಿದ ಗೇಮ್ ನೋಡಿದ್ರೆ ಕಾಡು ಹೊಳೆ ಎಲ್ಲ ನಿಜವಾಗಿ ಇದ್ದ ಹಾಗೇ ಇರುತ್ತೆ. ನಾನು ಕೈಬಿಡೋದೇ ಒಳ್ಳೇದಾ?
– ಕೊಪ್ಪದ ಓದುಗಿ

ಉತ್ತರ: ಖಂಡಿತ ಕೈಬಿಡ್ಬೇಡ ತಂಗಿ. ನಮ್ಮ ಸಾಗರ ಸೊರಬ ಕಡೆ ದೀವರ ಹೆಂಗಸರು ಬರೆಯೋ ಹಸೆ ಚಿತ್ತಾರ ನೋಡಿದೀಯಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ನಾಲ್ಕೇ ಬಣ್ಣ, ಹೆಚ್ಚಿನದೆಲ್ಲ ಗೆರೆ ಮತ್ತೆ ತ್ರಿಕೋನ, ಅಷ್ಟರಲ್ಲೇ ಮದುಮಕ್ಕಳು, ದಂಡಿಗೆ, ಭತ್ತದ ತೆನೆ ಎಲ್ಲ ಬರುತ್ತೆ, ಯಾವುದು ಏನು ಅಂತ ಯಾರಿಗೂ ಅನುಮಾನ ಬರಲ್ಲ. ಗೇಮಿಗೆ ಬೇಕಾಗಿದ್ದು ಅದೇ, ಆಡೋರು ನೋಡಿದ ಕೂಡ್ಲೇ ಇದು ಹತ್ತಬಹುದಾದ ಮರ, ಇದು ಬೀಳೋ ಗುಂಡಿ ಅಂತ ಗೊತ್ತಾಗಬೇಕು. ಬೇಕಂತಲೇ 128 ಚುಕ್ಕೆ ಅಗಲ 128 ಚುಕ್ಕೆ ಎತ್ತರದ ಪರದೆ, 16 ಬಣ್ಣ ಅಂತ ಮಿತಿ ಹಾಕ್ಕೊಂಡ ಪಿಕೋ-8 ಅನ್ನೋ ಸಾಧನದಲ್ಲಿ ಎಷ್ಟೋ ಜನ ಎಷ್ಟು ಚಂದದ ಗೇಮ್ ಮಾಡ್ತಿದಾರೆ. ನೀನು ಐದು ಬಣ್ಣ ಆರಿಸ್ಕೋ, ಚೌಕ ಮತ್ತೆ ತ್ರಿಕೋನ ಬಿಟ್ಟು ಬೇರೆ ಬೇಡ ಅಂತ ಮೊದಲೇ ತೀರ್ಮಾನ ಮಾಡ್ಕೋ, ಕೊನೇ ತನಕ ಮುರೀಬೇಡ, ಗೇಮಿಗೆ ಒಂದು ಮುಖ ಬರುತ್ತೆ.

ಕೈಲಾಗದ್ದನ್ನೇ ಕೆಲಸಕ್ಕೆ ಹಚ್ಚಿದೋರು ದೊಡ್ಡವರಲ್ಲೂ ಇದ್ದಾರೆ. 1978ರಲ್ಲಿ ಜಪಾನಿನ ನಿಶಿಕಾಡೋ ಸ್ಪೇಸ್ ಇನ್ವೇಡರ್ಸ್ ಅನ್ನೋ ಶತ್ರುಗಳನ್ನ ಹೊಡೆಯೋ ಗೇಮ್ ಮಾಡಿದಾಗ ಆ ಯಂತ್ರಕ್ಕೆ ಅಷ್ಟೂ ಶತ್ರುಗಳನ್ನ ಒಟ್ಟಿಗೆ ಬೇಗ ಓಡಿಸೋ ಶಕ್ತಿ ಇರಲಿಲ್ಲ, ಹೊಡೀತಾ ಹೋದ ಹಾಗೆ ಬರೆಯೋ ಕೆಲಸ ಕಮ್ಮಿಯಾಗಿ ಉಳಿದವು ಜೋರಾಗಿ ಓಡೋಕೆ ಶುರು ಮಾಡಿದ್ವು, ಅವರು ಅದನ್ನ ಸರಿ ಮಾಡದೆ ಹಾಗೇ ಬಿಟ್ರು, ಕೊನೇ ಒಂದನ್ನ ಹೊಡೆಯೋಕೆ ಎದೆ ಡವಡವ ಅನ್ನೋದು ಅದ್ರಿಂದಲೇ. 1999ರ ಸೈಲೆಂಟ್ ಹಿಲ್ ಅನ್ನೋ ಹೆದರಿಸೋ ಗೇಮಲ್ಲಿ ದೂರದ ಊರು ಬರೆಯೋಕೆ ಯಂತ್ರಕ್ಕೆ ಆಗಲ್ಲ ಅಂತ ಮಂಜು ಮುಚ್ಚಿದ್ರು, ಆ ಮಂಜೇ ಆ ಗೇಮಿನ ಹೆದರಿಕೆ ಆಯ್ತು. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಹೋದೋರಿಗೆ ಹತ್ತು ಮಾರು ಮುಂದೆ ಎಂತ ಇದೆ ಅಂತ ಕಾಣದೇ ಇರೋದು ಹೇಗಿರುತ್ತೆ ಅಂತ ನಾನು ಹೇಳ್ಬೇಕಿಲ್ಲ. ನಿಂಗೆ ಕಾಡು ಬರಿಯೋಕೆ ಬರಲ್ವಾ, ಮಂಜು ಬರಿ, ಒಳಗಿಂದ ಶಬ್ದ ಮಾತ್ರ ಕೇಳಿಸು.

ಪ್ರಶ್ನೆ: ಫ್ರೆಂಡ್ಸ್ ಎಲ್ಲ ನನ್ನ ಗೇಮ್ ಸೂಪರ್ ಅಂತಾರೆ, ಆದ್ರೆ ಒಬ್ರೂ ಎರಡನೇ ಸಲ ಆಡಲ್ಲ. ಮರದಿಂದ ಮರಕ್ಕೆ ಜಿಗಿಯೋ ಗೇಮ್.
– ಹೊಸನಗರದ ಓದುಗ

ಉತ್ತರ: ಹೇಗಿದೆ ಅಂತ ಕೇಳೋದು ಬಿಡಿ. ನಿಮ್ಮ ಮೇಲಿನ ಪ್ರೀತಿಗೆ ಸೂಪರ್ ಅಂತಾರೆ. ಅವರ ಹಿಂದೆ ಕೂತು ಬಾಯಿ ಮುಚ್ಕೊಂಡು ನೋಡಿ, ಇದು ಎಷ್ಟು ಕಷ್ಟ ಅಂದ್ರೆ "ಅಲ್ಲಿ ಒತ್ತು, ಅಲ್ಲಿ ಒತ್ತು" ಅಂತ ನಾಲಿಗೆ ತುದಿಗೆ ಬರುತ್ತೆ, ಆದ್ರೂ ಹೇಳ್ಬೇಡಿ, ನೀವು ಗೇಮ್ ಜೊತೆ ಎಲ್ಲರ ಮನೆಗೂ ಹೋಗೋಕಾಗಲ್ಲ. ಎಲ್ಲಿ ನಿಂತ್ರು, ಎಲ್ಲಿ ಮುಖ ಗಂಟಿಕ್ಕಿದ್ರು, ಯಾವಾಗ ಫೋನ್ ಕೆಳಗಿಟ್ರು, ಇದಷ್ಟೇ ಬರ್ಕೊಳ್ಳಿ. ಒಬ್ಬರು ಎಡವಿದ್ರೆ ಇರಲಿ, ಮೂರು ಜನ ಒಂದೇ ಜಾಗದಲ್ಲಿ ಎಡವಿದ್ರೆ ತಪ್ಪು ಗೇಮಿಂದು.

ಜಿಗಿಯೋ ಗೇಮ್ ಅಂದಿದ್ದಕ್ಕೆ ಒಂದು ಊಹೆ. ಕೊಂಬೆ ತುದಿ ದಾಟಿದ ಮೇಲೆ ಗುಂಡಿ ಒತ್ತಿದ್ರೆ ನಿಮ್ಮ ಗೇಮ್ ತಕ್ಷಣ ಬೀಳಿಸ್ತಿರಬೇಕು. ಲೆಕ್ಕಕ್ಕೆ ಅದು ಸರಿ, ಆಡೋರಿಗೆ ಮಾತ್ರ "ನಾನು ಒತ್ತಿದ್ದೆ!" ಅನ್ಸುತ್ತೆ, ಅವರು ಹೇಳೋದೂ ಸುಳ್ಳಲ್ಲ, ಕಣ್ಣಿಂದ ಬೆರಳಿಗೆ ಸುದ್ದಿ ಹೋಗೋಕೆ ಒಂದಿಷ್ಟು ಹೊತ್ತು ಬೇಕಲ್ಲ. 2018ರ ಸೆಲೆಸ್ಟ್ ಅನ್ನೋ ಗೇಮಲ್ಲಿ ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿಯೋಕೆ ಬಿಡ್ತಾರೆ, ಅಷ್ಟು ಕಷ್ಟದ ಗೇಮಾದ್ರೂ ಜನ ಮತ್ತೆ ಮತ್ತೆ ಆಡೋದಕ್ಕೆ ಈ ಕಾಣದ ಕರುಣೆನೂ ಒಂದು ಕಾರಣ ಅಂತ ನನ್ನ ನಂಬಿಕೆ. ಇದೊಂದು ಹಾಕಿ, ಯಾರಿಗೂ ಹೇಳದೆ ಅದೇ ಹುಡುಗರ ಕೈಗೆ ಮತ್ತೆ ಕೊಡಿ.

ಪ್ರಶ್ನೆ: ದಿನಾ ಬಂದು ತೆರೆದ್ರೆ ನಾಣ್ಯ, ಒಂದು ದಿನ ತಪ್ಪಿಸಿದ್ರೆ ಎಲ್ಲ ಹೋಗುತ್ತೆ ಅಂತ ಇಟ್ರೆ ಜನ ಬಿಡಲ್ಲ ಅಂತಾರೆ. ನಾನೂ ಹಾಕ್ಲಾ?
– ಭದ್ರಾವತಿಯ ಓದುಗ

ಉತ್ತರ: ಬೇಡ. ಹೆದರಿಕೆಗೆ ಬರೋದು ಬೇರೆ, ಆಸೆಯಿಂದ ಬರೋದು ಬೇರೆ. ಪರೀಕ್ಷೆ ಇರೋ ಹುಡುಗ, ಗದ್ದೆ ನಾಟಿಗೆ ಹೋಗೋ ಹೆಂಗಸು, ಅವರ ಹೊತ್ತನ್ನ ನಾವು ಹಂಗೆ ಕಟ್ಟಿಹಾಕಬಾರದು. ನಾವು ಹವ್ಯಾಸಕ್ಕೆ ಮಾಡೋರು, ಯಾರೂ ನಮ್ಮನ್ನ ಲೆಕ್ಕ ಕೇಳಲ್ಲ, ಆ ಸ್ವಾತಂತ್ರ್ಯ ಇರೋದೇ ಇಂಥದ್ದಕ್ಕೆ ಇಲ್ಲ ಅನ್ನೋಕೆ.

ಪ್ರಶ್ನೆ: ಹುಲಿ-ಕುರಿ ಆಟವನ್ನ ಕಂಪ್ಯೂಟರಿಗೆ ತರ್ತಿದೀನಿ, ನಾನೇ ಹೊಸ ಬೋರ್ಡ್ ಬರೆದಿದೀನಿ. ಹುಲಿಯೇ ಯಾವಾಗ್ಲೂ ಗೆಲ್ತಿದೆ. ಎರಡೂ ಕಡೆ ಸಮ ಮಾಡೋದು ಹೇಗೆ?
– ತೀರ್ಥಹಳ್ಳಿಯ ಓದುಗರು

ಉತ್ತರ: ಹಳೇ ಆಟದಲ್ಲಿ 23 ಮನೆ (ಕಾಯಿ ಕೂರೋ ಜಾಗ), 3 ಹುಲಿ, 15 ಕುರಿ. ಹುಲಿ ಹಾರಿ ತಿನ್ನುತ್ತೆ, ಕುರಿಗಳು ಒಂದೊಂದಾಗಿ ಬಂದು ಕೂತು ಹುಲಿ ಅಲ್ಲಾಡದ ಹಾಗೆ ಕಟ್ಟಿಹಾಕ್ಬೇಕು. ಎರಡೂ ಕಡೆಯವರ ಯೋಚನೆಯೇ ಬೇರೆ, ಅದೇ ಅದರ ಚಂದ, ಹಾಗಾಗಿ ಎರಡನ್ನೂ ಒಂದೇ ತರ ಮಾಡೋಕೆ ದಯವಿಟ್ಟು ಹೋಗ್ಬೇಡಿ. ಗೆಲುವು ಮಾತ್ರ ಹತ್ತಿರ ಹತ್ತಿರ ಬಂದ್ರೆ ಸಾಕು.

ನೀವು ಮನೆ ಜಾಸ್ತಿ ಮಾಡಿ ಕುರಿ ಅಷ್ಟೇ ಇಟ್ಟಿದೀರಿ ಅಂತ ಕಾಣುತ್ತೆ, ಖಾಲಿ ಜಾಗ ಹೆಚ್ಚಾದಷ್ಟೂ ಹುಲಿಗೆ ಹಾರೋಕೆ ಜಾಗ. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಮೊದಲು ಒಂದು ಕುರಿ ಜಾಸ್ತಿ ಮಾಡಿ ನೋಡಿ, ಆಗ್ಲಿಲ್ಲ ಅಂದ್ರೆ ಅದನ್ನ ವಾಪಸ್ ತೆಗೆದು ಒಂದು ಗೆರೆ ಅಳಿಸಿ ನೋಡಿ, ಎರಡೂ ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಏನಾಯ್ತು ತಿಳಿಯಲ್ಲ. ಅದೇ ಇಬ್ಬರನ್ನ ಕೂರಿಸಿ ಹತ್ತು ಆಟ ಆಡಿಸಿ, ಐದಾದ ಮೇಲೆ ಹುಲಿ ಕುರಿ ಅದಲು ಬದಲು ಮಾಡಿ, ಯಾಕಂದ್ರೆ ಈಗ ಗೆಲ್ತಿರೋದು ಹುಲಿಯೋ ಅಥವಾ ಹುಲಿ ಆಡ್ತಿರೋ ನಿಮ್ಮಣ್ಣನೋ ಅನ್ನೋದು ಮೊದಲು ಗೊತ್ತಾಗಬೇಕು. ಆಮೇಲೆ ಆ ಹತ್ತು ಆಟದ ಲೆಕ್ಕ ಮತ್ತೆ ನಿಮ್ಮ ಬೋರ್ಡಿನ ನಕ್ಷೆ ನಂಗೆ ಕಳಿಸಿ, ನಮ್ಮನೇಲೂ ಅಲಸಂದೆ ಕಾಳು ಇಟ್ಟು ಆಡಿ ನೋಡ್ತೀವಿ.