ವಾಪಸು ಕೊಡುವ ಮಾತು ಈಗಲೇ ಬೇಡ

ಆಶ್ರಯತಾಣದಿಂದ ತಂದ 3 ವರ್ಷದ ನಾಟಿ ನಾಯಿ ವಾರವಾದರೂ ಮಂಚದ ಕೆಳಗೇ ಇದೆ, ಎಲ್ಲರೂ ಮಲಗಿದ ಮೇಲಷ್ಟೇ ತಿನ್ನುತ್ತದೆ, ವಾಪಸು ಬಿಡಲೇ ಎಂದು ಕೇಳಿದ್ದೀರಿ. ಬೇಡ. ರಾತ್ರಿಯಾದರೂ ತಿನ್ನುತ್ತಿದೆಯಲ್ಲ, ಅದು ಒಳ್ಳೆಯ ಲಕ್ಷಣ. ಬೀದಿಯಲ್ಲಿ ಬೆಳೆದ ಪ್ರಾಣಿಗೆ ಮಿಕ್ಸಿಯ ಸದ್ದು, ಫ್ಯಾನು, ಜಾರುವ ಟೈಲ್ಸ್ ನೆಲ ಎಲ್ಲವೂ ಹೊಸದು. ಹಿಡಿದು ಎಳೆಯಬೇಡಿ, ದಿಟ್ಟಿಸಿ ನೋಡಬೇಡಿ. ದಿನವೂ ಒಂದೇ ಹೊತ್ತಿಗೆ ಊಟವಿಟ್ಟು, ತುಸು ದೂರದಲ್ಲಿ ನೆಲದ ಮೇಲೆ ಕುಳಿತು ನಿಮ್ಮ ಪಾಡಿಗೆ ಪತ್ರಿಕೆ ಓದಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ತಡೆಯುವುದೇ ದೊಡ್ಡ ಕಷ್ಟ!

ಪಶುವೈದ್ಯರ ಭೇಟಿಯನ್ನು ಮಾತ್ರ ಮುಂದೂಡಬೇಡಿ. ನಾಯಿಯ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಗಳಿಂದ (ಉಣುಗುಗಳಿಂದ) ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ನಮ್ಮಲ್ಲಿ ಸಾಮಾನ್ಯ; ಮಂಕುತನಕ್ಕೆ ಹೆದರಿಕೆಯಲ್ಲದೆ ಜ್ವರವೂ ಕಾರಣವಿರಬಹುದು. ರಕ್ತಪರೀಕ್ಷೆ ಮಾಡಿಸಿ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆಗಿವೆ ಎಂದರ್ಥ, ಆದರೆ ಲಸಿಕೆಯನ್ನು ಪ್ರತಿವರ್ಷ ಹಾಕಿಸಬೇಕು. ಹೊರಗೆ ಕರೆದೊಯ್ಯುವಾಗ ಕುತ್ತಿಗೆ ಪಟ್ಟಿಗಿಂತ ಎದೆ-ಬೆನ್ನು ಸುತ್ತಿ ಕಟ್ಟುವ ಹಾರ್ನೆಸ್ ಲೇಸು. ಪಟಾಕಿಗೆ ಬೆದರಿದ ನಾಯಿ ಪಟ್ಟಿಯಿಂದ ತಲೆ ನುಸುಳಿಸಿಕೊಂಡು ಓಡಿಬಿಡುತ್ತದೆ.

ನಾಟಿ ನಾಯಿಗಳ ವಿಷಯದಲ್ಲಿ ನಾನು ಪಕ್ಷಪಾತಿ. ಒಮ್ಮೆ ನಂಬಿದರೆ ನಿಮ್ಮ ಸ್ಕೂಟರಿನ ಸದ್ದನ್ನೇ ಗುರುತಿಸಿ ಬಾಗಿಲಿಗೆ ಬರುತ್ತವೆ. ಅದಕ್ಕೂ ಮೊದಲು ನಿಮ್ಮ ನಾಯಿ ಹಿಂದಿನಿಂದ ಬಂದು ನಿಮ್ಮ ಪಾದ ಮೂಸುತ್ತದೆ. ಆಗ ಕೈ ಚಾಚದೆ ಸುಮ್ಮನಿರಿ.