ನೀರು ಕುಡಿಯುವುದನ್ನೇ ಬಿಟ್ಟ ಕೊನೆಗಾರ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಯಸ್ಸು, ಮನೆಯ ವಿವರ ಬದಲಿಸಲಾಗಿದೆ.)

ಗಣಪತಿ, 34 ವರ್ಷ. ಮಲೆನಾಡಿನ ತೋಟಗಳಲ್ಲಿ ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವ ಕೊನೆಗಾರನ ಕೆಲಸ. ಮರದಿಂದ ಬಿದ್ದು ಎದೆಭಾಗದ 10ನೇ ಹಂತದಲ್ಲಿ ಬೆನ್ನುಹುರಿಗೆ ಪೂರ್ಣ ಪೆಟ್ಟಾಗಿದೆ. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ. ಕೈಗಳು ಗಟ್ಟಿಯಾಗಿವೆ. ಬಿದ್ದು 14 ತಿಂಗಳಾದ ಮೇಲೆ ಹೆಂಡತಿ ಕರೆತಂದರು. "ಊಟ ಸೇರೂದಿಲ್ಲ, ಮಾತಾಡೂದಿಲ್ಲ, ಜಗಲಿಗೂ ಬರೂದಿಲ್ಲ. ಏನೋ ಮನಸ್ಸಿಗೆ ಹಚ್ಕಂಡಿದಾರೆ ಸಾರ್" ಎಂಬುದು ಅವರ ದೂರು.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 17 ಅಂಕ ಬಂತು (ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು). ಬೆನ್ನುಹುರಿ ಪೆಟ್ಟಾದವರಲ್ಲಿ ಈ ಮೊತ್ತವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನಿದ್ದೆ, ಸುಸ್ತು, ಹಸಿವು, ಚಲನೆ ನಿಧಾನವಾಗುವುದು ಇವೆಲ್ಲ ಪೆಟ್ಟಿನಿಂದಲೂ, ಒತ್ತುಹುಣ್ಣಾಗದಂತೆ ರಾತ್ರಿ ಮಗ್ಗಲು ಬದಲಿಸುವುದರಿಂದಲೂ, ಮಾತ್ರೆಗಳಿಂದಲೂ ಬರುತ್ತವೆ. ಹಾಗಾಗಿ 1, 2, 6 ಮತ್ತು 9ನೇ ಪ್ರಶ್ನೆಗಳ ಉತ್ತರವನ್ನು ಬೇರೆಯಾಗಿ ನೋಡಬೇಕು: ಆಸಕ್ತಿ, ಬೇಸರ, ತನ್ನ ಬಗ್ಗೆ ಕೀಳುಭಾವ, ಸಾಯುವ ಯೋಚನೆ. ಇವರಲ್ಲಿ ನಾಲ್ಕೂ ಇದ್ದವು. "ಸಾಯಬೇಕು ಅನ್ಸತ್ತಾ, ಹೇಗೆ ಅಂತ ಯೋಚಿಸಿದೀರಾ?" ಎಂದು ನೇರವಾಗಿಯೇ ಕೇಳಿದೆವು. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಯೋಚನೆ ಇತ್ತು, ತೀರ್ಮಾನ ಇರಲಿಲ್ಲ. ಅದೇ ದಿನ ತೋಟದ ಔಷಧಿ ಡಬ್ಬಿಗಳನ್ನು ಮನೆಯಿಂದ ಸಾಗಿಸಿ ನೆಂಟರ ಮನೆಯಲ್ಲಿ ಬೀಗ ಹಾಕಿಡಲು ಹೇಳಿದೆವು. ಮಾತ್ರೆಗಳು ವಾರಕ್ಕಾಗುವಷ್ಟು ಮಾತ್ರ ಕೈಗೆ. ಟೆಲಿ ಮಾನಸ್ ಸಹಾಯವಾಣಿ 14416 ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಸೇರಿತು. ಮನೋವೈದ್ಯರ ಭೇಟಿ ಅದೇ ವಾರ ಆಯಿತು.

ಎರಡನೇ ಭೇಟಿಯಲ್ಲಿ ಕೇಳಿದ ಪ್ರಶ್ನೆ ಬೇರೆ: ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ? ಮೂರು ಲೋಟ ಚಹಾ, ಊಟದ ಜೊತೆ ಅರ್ಧ ಚೊಂಬು. ಅಷ್ಟೇ. ಒಂದು ಸಲ ನೆಂಟರೆದುರು ಪಂಚೆ ಒದ್ದೆಯಾಗಿತ್ತು. ಅವತ್ತಿನಿಂದ ನೀರು ಬಿಟ್ಟರು, ಆಮೇಲೆ ಜಗಲಿ ಬಿಟ್ಟರು, ಆಮೇಲೆ ಮಾತು. ನೀರು ಕಮ್ಮಿಯಾದ್ದರಿಂದ ಮೂತ್ರದ ಸೋಂಕು, ಮಲಬದ್ಧತೆ. ಸೋಂಕಿನಿಂದ ಕಾಲಿನ ಸೆಟೆತ ಜಾಸ್ತಿ, ಸೋರುವುದೂ ಜಾಸ್ತಿ. ಮನಸ್ಸಿಗೆ ಹಚ್ಚಿಕೊಂಡದ್ದು ಏನೆಂದು ಮನೆಯವರು ಹುಡುಕುತ್ತಿದ್ದರು, ಅದು ಪಂಚೆಯಲ್ಲಿತ್ತು. ಈ ಪೆಟ್ಟಿನಲ್ಲಿ ಮೂತ್ರದ ವಿಷಯ ಕೇಳದೆ ಧೈರ್ಯ ತುಂಬಲು ಹೊರಡುವ ಸಲಹೆ ಅರ್ಧಂಬರ್ಧವೇ.

ಮೊದಲ ಕೆಲಸ ಮೂರು ದಿನದ ಲೆಕ್ಕ. ಕುಡಿದದ್ದೆಷ್ಟು, ಮೂತ್ರ ತೆಗೆಯುವ ಟ್ಯೂಬಿನಿಂದ (ಕ್ಯಾಥೆಟರ್) ಬಂದದ್ದೆಷ್ಟು, ಸೋರಿದ್ದು ಯಾವಾಗ, ಎಲ್ಲ ಮಗಳ ಹಳೇ ನೋಟ್‌ಬುಕ್ಕಿನಲ್ಲಿ. ಗುರಿ: ದಿನಕ್ಕೆ ಸುಮಾರು 2 ಲೀಟರ್ ನೀರು, ಒಮ್ಮೆಲೇ ಅಲ್ಲ, ಗಂಟೆಗೊಂದು ಲೋಟದಂತೆ, ಮಲಗುವ ಎರಡು ಗಂಟೆ ಮೊದಲು ನಿಲ್ಲಿಸುವುದು. ಕೈ ಸೋಪಿನಿಂದ ತೊಳೆದು 4ರಿಂದ 6 ಗಂಟೆಗೊಮ್ಮೆ ತಾವೇ ಟ್ಯೂಬ್ ಹಾಕಿ ಮೂತ್ರ ತೆಗೆಯಬೇಕು. ಒಂದು ಸಲಕ್ಕೆ 500 ಮಿ.ಲೀ. ದಾಟಿದರೆ ಅಂತರ ಕಡಿಮೆ ಮಾಡಬೇಕು. ಅಲ್ಲಿಯವರೆಗೆ ಹೆಂಡತಿಯೇ ಹಾಕುತ್ತಿದ್ದರು, ಕೈ ಗಟ್ಟಿಯಿದ್ದವರಿಗೆ! ನರ್ಸ್ ನಾಲ್ಕು ದಿನ ಕೂತು ಕಲಿಸಿದರು. ಸಮಯ ಸರಿಯಾಗಿ ಪಾಲಿಸಿದರೂ ಸೋರುತ್ತಿತ್ತು. ಹಾಗಾದರೆ ಮೂತ್ರಕೋಶ ತಾನಾಗಿ ಹಿಂಡಿಕೊಳ್ಳುತ್ತಿದೆ ಎಂದರ್ಥ. ಅದಕ್ಕೆ ಮಾತ್ರೆ ಇದೆ, ವೈದ್ಯರು ಕೊಟ್ಟರು. ಹೊರಗೆ ಹೋಗುವ ದಿನಕ್ಕೆ ಕಾಂಡೋಮ್‌ನಂತೆ ಹೊರಗಿನಿಂದ ತೊಡುವ ಕಾಂಡೋಮ್ ಕ್ಯಾಥೆಟರ್ ಮತ್ತು ಕಾಲಿಗೆ ಕಟ್ಟುವ ಚೀಲ. ಮೂತ್ರ ಸ್ವಲ್ಪ ಮಸುಕಾದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ನುಂಗಬಾರದು. ಜ್ವರ, ಚಳಿ, ಸೆಟೆತ ಹೆಚ್ಚುವುದು, ಹೊಸದಾಗಿ ಸೋರುವುದು ಇದ್ದರೆ ಪರೀಕ್ಷೆ.

ಮಲ ವಿಸರ್ಜನೆಗೂ ಗಂಟೆ ನಿಗದಿಯಾಯಿತು. ಬೆಳಗಿನ ತಿಂಡಿಯಾಗಿ 20-30 ನಿಮಿಷಕ್ಕೆ ಕಮೋಡ್ ಕುರ್ಚಿ, ಗ್ಲೌಸ್ ಹಾಕಿ ಜೆಲ್ ಹಚ್ಚಿದ ಬೆರಳಿನಿಂದ 15-20 ಸೆಕೆಂಡು ಮೆಲ್ಲಗೆ ತಿರುಗಿಸಿ ಪ್ರಚೋದಿಸುವುದು, ಕೆಲ ನಿಮಿಷ ಬಿಟ್ಟು ಮತ್ತೆ. ಹೊಟ್ಟೆ ಈ ವೇಳೆಗೆ ಒಗ್ಗಲು ವಾರಗಳೇ ಬೇಕು. ಮದುವೆಗೆ ಹೊರಡುವ ಹಿಂದಿನ ದಿನ ವೇಳೆ ಬದಲಿಸಿ ನೋಡುವ ಸಾಹಸ ಬೇಡ.

ಮೂರನೇ ವಾರಕ್ಕೆ ಅವರು ಜಗಲಿಗೆ ಬಂದರು. ಆಗ ನಿಜವಾದ ಪ್ರಶ್ನೆ ಬಂತು: "ನಾನು ನಡೀತ್ನಾ ಇಲ್ವಾ?" ಅಷ್ಟು ದಿನ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಪೂರ್ಣ ಪೆಟ್ಟಾಗಿ ವರ್ಷ ಕಳೆದ ಮೇಲೆ ಕಾಲಿಗೆ ಮತ್ತೆ ಬಲ ಬರುವ ಸಾಧ್ಯತೆ ತೀರಾ ಕಡಿಮೆ ಎಂದು ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳಿದೆವು. ಆ ವಾರ ಅಳು ಹೆಚ್ಚಾಯಿತು. ಅದು ಹಿನ್ನಡೆಯಲ್ಲ.

ತಾಯಿಯ ಆಸೆ ಬೇರೆ: ನಾಟಿ ಎಣ್ಣೆ, ಹರಕೆ, ಜೊತೆಗೆ ಯಾರೋ ಹೇಳಿದ ಸ್ಟೆಮ್ ಸೆಲ್ (ಆಕರಕೋಶ) ಚುಚ್ಚುಮದ್ದು. ಹರಕೆಗೆ ನಮ್ಮ ತಕರಾರಿಲ್ಲ. ಬಿಸಿ ಎಣ್ಣೆ, ಶಾಖ ಮಾತ್ರ ಬೇಡವೇ ಬೇಡ, ಸುಟ್ಟರೂ ಗೊತ್ತಾಗದ ಚರ್ಮ ಅದು. ಬಿಸಿ ತಟ್ಟೆಯನ್ನೂ ತೊಡೆಯ ಮೇಲೆ ಇಡಬಾರದು. ಸ್ಟೆಮ್ ಸೆಲ್ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಬೆನ್ನುಹುರಿ ಪೆಟ್ಟಿಗೆ ಅದು ಒಪ್ಪಿತ ಚಿಕಿತ್ಸೆಯಲ್ಲ, ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ. ಅದಕ್ಕಾಗಿ ಜಾಗ ಮಾರುವ ಮಾತು ಅಲ್ಲಿಗೆ ನಿಂತಿತು.

ವೆಲ್ಲೂರಿನ ಮೇರಿ ವರ್ಗೀಸ್ 1954ರ ಅಪಘಾತದ ನಂತರ ಗಾಲಿಕುರ್ಚಿಯಲ್ಲೇ ಕೂತು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ. ಇಂಥ ಕತೆಗಳನ್ನು ಮೊದಲ ತಿಂಗಳುಗಳಲ್ಲಿ ಹೇಳದಿರುವುದೇ ವಾಸಿ. ಕೇಳುವವರಿಗೆ 'ಅವರು ದೊಡ್ಡವರು, ನಾನು ಕೊನೆಗಾರ' ಎಂದಷ್ಟೇ ಕಾಣುತ್ತದೆ. ಅದೇ ಸೀಮೆಯಲ್ಲಿ ಮರದಿಂದ ಬಿದ್ದ ಇನ್ನೊಬ್ಬರು ಬಂದು, ಕುರ್ಚಿಯಿಂದ ಮಂಚಕ್ಕೆ ಹಲಗೆ ಇಟ್ಟು ಜಾರುವುದನ್ನು ತೋರಿಸಿದ್ದು ಹತ್ತು ಭೇಟಿಗೆ ಸಮವಾಯಿತು.

ದುಡಿಮೆಗೆ ಅಡಿಕೆ ಸುಲಿಯುವುದನ್ನು ಅವರೇ ಆರಿಸಿದರು. ಮೆಟ್ಟುಗತ್ತಿಯ ಮಣೆಯ ಮೇಲೆ ಕೂತರೆ ಗಂಟೆಯೊಳಗೆ ಒತ್ತುಹುಣ್ಣು ಶುರುವಾಗಬಹುದು, ಕತ್ತಿ ಕಾಲಿಗೆ ತಾಗಿದರೂ ತಿಳಿಯದು. ಆದ್ದರಿಂದ ಕತ್ತಿಯನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿದು, ಇವರು ಗಾಲಿಕುರ್ಚಿಯ ದಿಂಬಿನ ಮೇಲೇ ಕೂರುವುದು. ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಹಾಗೇ ಇರಬೇಕು. ಕೈಯೂರಿ ಕ್ಷಣಹೊತ್ತು ಮೈ ಎತ್ತಿದರೆ ಸಾಲದು, ರಕ್ತ ಮರಳಿ ಹರಿಯಲು ಅಷ್ಟು ಹೊತ್ತು ಬೇಕು, ಭುಜವೂ ಸವೆಯುತ್ತದೆ. ಸಂಜೆ ಕನ್ನಡಿಯಲ್ಲಿ ಕುಂಡೆ, ಹಿಮ್ಮಡಿ ನೋಡಿಕೊಳ್ಳಬೇಕು. ಒತ್ತಿ ಬಿಟ್ಟರೂ ಮಾಸದ ಕೆಂಪು ಅಥವಾ ಕಪ್ಪು ಕಂಡರೆ ಆ ಜಾಗದ ಮೇಲೆ ಭಾರ ಬಿಡಬಾರದು. ಜಗಲಿ ಒಂದೂವರೆ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಲೆಕ್ಕದಲ್ಲಿ 18 ಅಡಿ ಇಳಿಜಾರು ಬೇಕಾಯಿತು, ಅಂಗಳದಲ್ಲಿ ತಿರುವು ಕೊಟ್ಟು ಹಾಕಿಸಿದರು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮತ್ತು ಮಾಸಾಶನದ ಅರ್ಜಿಯನ್ನು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೋಡಿಕೊಂಡರು.

ದಾಂಪತ್ಯದ ಮಾತು ಐದನೇ ಭೇಟಿಯವರೆಗೂ ಬರಲಿಲ್ಲ, ನಾವೇ ತೆಗೆಯಬೇಕಾಯಿತು. ಈ ಹಂತದ ಪೆಟ್ಟಿನಲ್ಲಿ ಸ್ಪರ್ಶದಿಂದ ಆಗುವ ನಿಮಿರುವಿಕೆ ಸಾಮಾನ್ಯವಾಗಿ ಉಳಿದಿರುತ್ತದೆ, ಸಾಲದಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ, ಮೊದಲು ಮೂತ್ರ ಖಾಲಿ ಮಾಡಿಕೊಳ್ಳಬೇಕು. ಇಷ್ಟು ಹೇಳುವಷ್ಟರಲ್ಲಿ ಇಬ್ಬರ ಮುಖದ ಬಿಗುವೂ ಇಳಿಯಿತು.

ಐದು ತಿಂಗಳಿಗೆ ಅಂಕ 8ಕ್ಕೆ ಇಳಿದಿದೆ, ಸಾಯುವ ಯೋಚನೆಗೆ ಸೊನ್ನೆ. ಕೊನೆಕೊಯ್ಲಿನ ದಿನಗಳಲ್ಲಿ, ಪಕ್ಕದ ತೋಟದಿಂದ ಕೂಗು ಕೇಳಿದಾಗ, ಈಗಲೂ ಕೋಣೆ ಸೇರುತ್ತಾರೆ. ಆ ವಾರಗಳಿಗೆ ಭೇಟಿಯನ್ನು ವಾರಕ್ಕೊಂದರಂತೆ ಮೊದಲೇ ಬರೆದಿಟ್ಟಿದೆ. ಹೆಂಡತಿಗೆ ಅದೇ ಒಂಬತ್ತು ಪ್ರಶ್ನೆ ಕೇಳಿದಾಗ 11 ಬಂತು. ವರ್ಷವಿಡೀ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗಲು ಬದಲಿಸಿದವರು ಅವರು. ಈಗ ಫೋಮ್ ಹಾಸಿಗೆ ಬಂದಿದೆ, ಗಂಡ ತಾನೇ ಹೊರಳುತ್ತಾರೆ, ಚರ್ಮ ನೋಡಿಕೊಂಡು ಅಂತರವನ್ನು ಅರ್ಧರ್ಧ ಗಂಟೆ ಹೆಚ್ಚಿಸುತ್ತಿದ್ದೇವೆ. ಆದರೂ ಎರಡು ಗಂಟೆಗೊಮ್ಮೆ ಸರಿಯಾಗಿ ಹೆಂಡತಿಗೆ ಎಚ್ಚರವಾಗುತ್ತದೆ. ಅವರ ಹೆಸರಿನಲ್ಲಿ ಬೇರೆ ಫೈಲು ತೆರೆದಿದ್ದೇವೆ.