ಸರೋವರ ಮತ್ತು ಅದರ ಜಲಾನಯನ ಪ್ರದೇಶ (ಅಂದರೆ ಮಳೆನೀರು ಹರಿದು ಸರೋವರ ಸೇರುವ ಸುತ್ತಲಿನ ನೆಲ) ನೋಡಿಕೊಳ್ಳುವವರಿಗೆ ತರಬೇತಿಯಲ್ಲಿ ಏನು ಕಲಿಸಬೇಕು?

ಮೊದಲು ಅವರನ್ನು ದಡದಿಂದ ದೂರ ಕರೆದುಕೊಂಡು ಹೋಗಬೇಕು. ಸರೋವರ ಕೆಡುವುದು ಜಾಸ್ತಿ ಹೊರಗಿನಿಂದ ಬರುವುದರಿಂದಲೇ ಅಲ್ವಾ? ಹೊಲದ ಗೊಬ್ಬರ, ಮನೆಗಳ ಕೊಳಚೆ, ಬೋಳುಗುಡ್ಡದ ಮಣ್ಣು ಎಲ್ಲವೂ ಮಳೆನೀರಿನ ಜೊತೆ ಅಲ್ಲಿಗೇ ಬಂದು ಸೇರುತ್ತವೆ. ಹಳ್ಳದ ದಂಡೆಯಲ್ಲಿ ಮೇಲಕ್ಕೆ ನಡೆಯುತ್ತಾ, ಎಲ್ಲಿ ಏನು ಸೇರುತ್ತಿದೆ ಅಂತ ನಕ್ಷೆಯಲ್ಲಿ ಗುರುತು ಹಾಕುವುದೇ ಮೊದಲ ಪಾಠ.

ಆಮೇಲೆ ಅಳತೆ. ಶುರುವಿಗೆ, ನೀರು ಎಷ್ಟು ತಿಳಿಯಾಗಿದೆ ಅಂತ ತೋರಿಸುವ ಸೆಕಿ ತಟ್ಟೆ ಸಾಕು. 20 ಸೆಂ.ಮೀ. ಅಗಲದ ಕಪ್ಪು-ಬಿಳಿ ತಟ್ಟೆಗೆ ಹಗ್ಗ ಕಟ್ಟಿ ನಿಧಾನವಾಗಿ ನೀರಿಗೆ ಇಳಿಸಿ, ಅದು ಕಣ್ಣಿಗೆ ಕಾಣದಾಗುವ ಆಳವನ್ನು ಬರೆದುಕೊಳ್ಳಬೇಕು. ಪಾಚಿ ಹೆಚ್ಚಿದಂತೆ ಆ ಆಳ ಕಡಿಮೆಯಾಗುತ್ತದೆ. ಸುಮ್ನೆ ಒಂದು ದಿನ ಮಾಡಿದರೆ ಏನೂ ತಿಳಿಯದು, ಅದೇ ಜಾಗದಲ್ಲಿ ವರ್ಷಗಟ್ಟಲೆ ಮಾಡಬೇಕು.

ಜನರನ್ನು ಜೊತೆಗೆ ಕರೆದೊಯ್ಯುವುದು ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಪಾಠ. ಜಪಾನಿನ ಬಿವಾ ಸರೋವರದ ನೀರು 1977ರಲ್ಲಿ ಪಾಚಿಯಿಂದ ಕೆಂಪಾಯಿತು. ಆಗ ಗೃಹಿಣಿಯರೇ ಮುಂದೆ ನಿಂತು, ಪಾಚಿಗೆ ಗೊಬ್ಬರದಂತಾಗುವ ಫಾಸ್ಫರಸ್ ಇರುವ ಡಿಟರ್ಜೆಂಟ್ ಬಿಟ್ಟು ಸೋಪಿನ ಪುಡಿ ಬಳಸುವ ಚಳವಳಿ ನಡೆಸಿದರು. 1979ರಲ್ಲಿ ಆ ಸರೋವರ ಇರುವ ಶಿಗಾ ಪ್ರಾಂತ್ಯ ಅಂಥ ಡಿಟರ್ಜೆಂಟ್‌ಗೆ ತಡೆ ಹಾಕುವ ಕಾನೂನನ್ನೇ ತಂದಿತು.

ಹಾಗಾಗಿ ತರಬೇತಿಗೆ ಅಧಿಕಾರಿಗಳಷ್ಟೇ ಅಲ್ಲ, ರೈತರು, ಮೀನುಗಾರರೂ ಬರಬೇಕು. ದಿನವೂ ನೀರಿಗೆ ಇಳಿಯುವವರು ಅವರೇ ತಾನೆ?